ನಾಲ್ಕನೆಯ ಪದ್ಯ

"ಕುಡಿ! ಕುಡಿ! ಕುಡಿ!"

ಎರಡನೆಯ ಪದ್ಯದ ಕೊನೆಯ ಸಾಲಿನಲ್ಲಿ ಮಿರ್ಯೆತಾ ಬೇಕೆಂದೇ ತಡವರಿಸಿದಳು. ಗೆಳೆಯ ಜಾಕೊಪೊ ಬಾಟಲಿಯನ್ನು ಅವಳ ಬಾಯಿಗೇ ಹಿಡಿದ. ಅಗ್ಗದ ಬಿಳಿ ವೈನು ಗದ್ದದಿಂದ ಇಳಿದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನ ಮೇಲೆ ಹರಿಯಿತು. ತಲೆಯ ಮೇಲಿದ್ದ, ಪದವಿಯ ಗುರುತಿನ ಲಾರೆಲ್ ಎಲೆಗಳ ಕಿರೀಟ ಕಿವಿಗೆ ಜಾರಿತು. ಬೀದಿಯಲ್ಲಿ ನೆರೆದಿದ್ದ ಮೂವತ್ತು ನಲವತ್ತು ಜನ ಚಪ್ಪಾಳೆ ತಟ್ಟಿದರು. ಅವರ ನಡುವೆ ಹೊಸ ಸೂಟು ತೊಟ್ಟು, ಫೋನನ್ನು ಎದೆಯ ಎತ್ತರಕ್ಕೆ ಹಿಡಿದು ನಿಂತಿದ್ದ ಅವಳ ಅಪ್ಪ ಫಾತೋಸ್ ಕೂಡ ಒಂದು ಕೈಯಿಂದ ತೊಡೆ ತಟ್ಟಿ ನಕ್ಕ. ಫೋನಿನೊಳಗೆ ಅಲ್ಬೇನಿಯಾದ ದುರ್ರೆಸ್ಸಿನ ಮನೆಯಲ್ಲಿ ಕೂತ ಅವಳ ಅಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಮೊಣಕಾಲಿನ ಆಪರೇಷನ್ ಆಗಿ ಇನ್ನೂ ವಾರವಾಗಿರಲಿಲ್ಲ, ಬರಲಾಗಿರಲಿಲ್ಲ.

ಇಟಲಿಯ ಪಾದುವಾದಲ್ಲಿ ಪದವಿ ಎರಡು ಸಲ ಸಿಗುತ್ತದೆ. ಒಳಗೆ ಪ್ರೊಫೆಸರುಗಳ ಮುಂದೆ ಒಮ್ಮೆ, ಹೊರಗೆ ಬೀದಿಯಲ್ಲಿ ಗೆಳೆಯರ ಕೈಯಲ್ಲಿ ಇನ್ನೊಮ್ಮೆ. ಒಳಗಿನದು ಕಾಲು ಗಂಟೆಯ ಕೆಲಸ. ಹೊರಗಿನದಕ್ಕೆ ಗೆಳೆಯರು ತಿಂಗಳುಗಟ್ಟಲೆ ತಯಾರಿ ಮಾಡುತ್ತಾರೆ. ಬಾಗಿಲಗಲದ ಹಾಳೆ, ಅದರ ನಡುವೆ ಪದವಿ ಪಡೆದವಳ ಪೋಲಿ ಚಿತ್ರ, ಸುತ್ತ ಪ್ರಾಸ ಹೊಸೆದು ಬರೆದ ಅವಳ ಚರಿತ್ರೆ. ಯಾರ ಜೊತೆ ಮಲಗಿದಳು, ಯಾರ ಮೆಟ್ಟಿಲ ಮೇಲೆ ವಾಂತಿ ಮಾಡಿದಳು, ಯಾವ ಪರೀಕ್ಷೆಯಲ್ಲಿ ಎಷ್ಟು ಸಲ ಬಿದ್ದಳು ಎಲ್ಲವೂ ಅದರಲ್ಲಿರಬೇಕು. ಅದಕ್ಕೆ ಪಾಪಿರೊ ಅನ್ನುತ್ತಾರೆ. ಅದನ್ನು ಅವಳೇ ಹೆತ್ತವರ ಎದುರು ಗಂಟಲು ಹರಿದುಕೊಂಡು ಓದಬೇಕು. ಒಂದು ಅಕ್ಷರ ತಪ್ಪಿದರೆ ಒಂದು ಗುಟುಕು, ಮತ್ತೆ ಆ ಸಾಲು ಮೊದಲಿನಿಂದ. ಓದಲು ಒಪ್ಪದಿದ್ದರೆ ಬರೆದವರೇ ಓದುತ್ತಾರೆ, ಅದು ಇನ್ನೂ ಕೆಟ್ಟದ್ದು. ಊರಿನ ಅಜ್ಜಿಯರು ಕೂಡ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಇದರಲ್ಲಿ ಬೇಜಾರು ಮಾಡಿಕೊಳ್ಳುವವರನ್ನು ಪಾದುವಾದವರು ಮನುಷ್ಯರಲ್ಲಿ ಲೆಕ್ಕಕ್ಕಿಡುವುದಿಲ್ಲ.

ಹಾಳೆಯನ್ನು ಕಮಾನಿನ ಕಂಬಕ್ಕೆ ಅಂಟಿಸಿದ್ದರು. ಮೇಲಿನ ಮುಸುಕು ತೆಗೆದ ಕೂಡಲೇ ಮಿರ್ಯೆತಾಳ ಕಣ್ಣು ಹೋದದ್ದು ತನ್ನ ಬೆತ್ತಲೆ ಚಿತ್ರದ ಕಡೆಗಲ್ಲ, ಕೆಳಗಿನ ಬಲ ಮೂಲೆಗೆ. ಅಲ್ಲಿ ಒಂದು ಹಡಗು. ಅದರ ಪಕ್ಕ ಮೀಸೆಯ ಹುಡುಗನೊಬ್ಬ ಕೈ ಮುಗಿದು ನಿಂತಿದ್ದ. ಅವನ ನೀಲಿ ಪ್ಯಾಂಟಿನ ಕಾಲಡಿಯಲ್ಲಿ ಹಳದಿ ಮಡುವೊಂದು ನಿಂತಿತ್ತು. ಬೆಳಿಗ್ಗೆ ತನಗೆ ಲೈಫ್ ಜಾಕೆಟ್ ಯಾಕೆ ತೊಡಿಸಿದರು ಅನ್ನುವುದು ಅವಳಿಗೆ ಆಗ ಹೊಳೆಯಿತು. ನಾಲ್ಕನೆಯ ಪದ್ಯ ಆ ಚಿತ್ರದ ಪಕ್ಕದಲ್ಲೇ ಇತ್ತು. ಅದು ಬರುವಷ್ಟರಲ್ಲಿ ಕುಡಿದು ಬಿದ್ದುಬಿಡಬೇಕು, ನಾಲಿಗೆ ಹೊರಳದಂತಾಗಬೇಕು. ಅವಳಿಗೆ ಉಳಿದಿದ್ದ ಉಪಾಯ ಅದೊಂದೇ. ಅದಕ್ಕೇ ಸಾಲಿಗೊಂದು ತಪ್ಪು ಮಾಡುತ್ತಿದ್ದಳು.

ಈ ಗತಿಯನ್ನು ತಂದುಕೊಂಡವಳು ಅವಳೇ, ಅದನ್ನೂ ಹೇಳಿಬಿಡಬೇಕು.

ಔಷಧಶಾಸ್ತ್ರ ಓದಲು ದುರ್ರೆಸ್ಸಿನಿಂದ ಬಂದ ಮೊದಲ ವರ್ಷ ಪೋರ್ತೆಲ್ಲೋ ಬಡಾವಣೆಯಲ್ಲಿ ವಿದ್ಯಾರ್ಥಿಗಳು ಸೇರಿ ಬಾಡಿಗೆಗೆ ಹಿಡಿದ ಮನೆಯಲ್ಲಿ ಅವಳಿಗೆ ಹೆಸರೇ ಇರಲಿಲ್ಲ, ಬರೀ 'ಅಲ್ಬೇನಿಯಾದವಳು'. ಫ್ರಿಜ್ಜಿನಲ್ಲಿ ಚೀಸು ಕಡಿಮೆಯಾದರೆ ಓತ್ತಾವಿಯಾ ಮೊದಲು ಅವಳ ಮುಖ ನೋಡುತ್ತಿದ್ದಳು. ಓತ್ತಾವಿಯಾ ಈ ಊರಿನವಳೇ, ಕೈಯಲ್ಲಿ ಚಿತ್ರ, ಬಾಯಲ್ಲಿ ಪ್ರಾಸ, ಮನೆಯ ಅಘೋಷಿತ ಯಜಮಾನಿ. ಒಂದು ಸಂಜೆ ಊಟದ ಮೇಜಿನಲ್ಲಿ ಎಲ್ಲರೂ ತಂತಮ್ಮ ಅಪ್ಪಂದಿರ ಪೆದ್ದುತನ ಹೇಳಿಕೊಂಡು ನಗುತ್ತಿದ್ದರು. "ನಿಂದೇನೇ? ನಿಮ್ಮಪ್ಪ ಏನೂ ಮಾಡಿಲ್ವಾ, ಕುರಿ ಕಾಯ್ತಾನಾ?" ಅಂದಳು ಓತ್ತಾವಿಯಾ. ಮಿರ್ಯೆತಾ ಎದ್ದು ನಿಂತಳು. ಕರವಸ್ತ್ರ ತಲೆಗೆ ಕಟ್ಟಿಕೊಂಡಳು. ಅಪ್ಪನ ಕತೆಯನ್ನು ಅಭಿನಯಿಸಿ ತೋರಿಸಿದಳು.

ಆ ಕತೆ ಹಾಗೆ ತೋರಿಸುವಂಥದ್ದಾಗಿರಲಿಲ್ಲ. ಅಲ್ಬೇನಿಯಾದ ಕಮ್ಯುನಿಸ್ಟ್ ಆಡಳಿತ ಕುಸಿದು ಜನ ದೇಶ ಬಿಟ್ಟು ಓಡುತ್ತಿದ್ದ ತೊಂಬತ್ತೊಂದರ ಆಗಸ್ಟಿನಲ್ಲಿ ಹತ್ತೊಂಬತ್ತರ ಫಾತೋಸ್ ದುರ್ರೆಸ್ಸಿನ ಬಂದರಿನಿಂದ ಸಾವಿರಾರು ಜನರ ಜೊತೆ ಹಡಗು ಹತ್ತಿ ಇಟಲಿಯ ಬಾರಿ ಪಟ್ಟಣಕ್ಕೆ ಬಂದ. ಎಲ್ಲರನ್ನೂ ಒಂದು ಆಟದ ಮೈದಾನದಲ್ಲಿ ಕೂಡಿಹಾಕಿದರು. ಸುಡುವ ಬಿಸಿಲು, ನೀರಿಲ್ಲ, ಮೇಲಿನಿಂದ ಬ್ರೆಡ್ಡು ಎಸೆಯುತ್ತಿದ್ದರು. ಫಾತೋಸ್‌ಗೆ ಇಟಾಲಿಯನ್ ಬರುತ್ತಿತ್ತು. ಹುಡುಗನಾಗಿದ್ದಾಗ ಮಾಳಿಗೆಯಲ್ಲಿ ಕದ್ದು ಆಂಟೆನಾ ತಿರುಗಿಸಿ, ಸಮುದ್ರದಾಚೆಯ ಟೀವಿ ನೋಡಿ ಕಲಿತ ಇಟಾಲಿಯನ್, ವಾರ್ತೆ ಓದುವವರ ಹಾಗೆ ಅಚ್ಚುಕಟ್ಟು. ಪಕ್ಕದಲ್ಲಿ ಮುದುಕಿಯೊಬ್ಬಳು ಬವಳಿ ಬಂದು ಬಿದ್ದಿದ್ದಳು. ಅವಳಿಗೆ ನೀರು ಕೇಳಲು ಅವನು ಪೊಲೀಸನ ಹತ್ತಿರ ಹೋಗಿ ವಿನಯದಿಂದ ಮಾತಾಡಿದ. ಪೊಲೀಸ ಲಾಠಿಯಿಂದ ಬಾಯಿಗೇ ಬಾರಿಸಿದ. ಎರಡನೆಯ ಏಟಿಗೆ ಲಾಠಿ ಎತ್ತಿದಾಗ ಹುಡುಗನಿಗೆ ಪ್ಯಾಂಟಿನಲ್ಲೇ ಆಗಿಹೋಯಿತು. ಎಲ್ಲರೂ ನೋಡಿದರು. ಆರು ದಿನದ ಮೇಲೆ ಅವನನ್ನು ವಾಪಸು ಕಳಿಸಿದರು.

ಇದನ್ನು ಅವನು ಹೇಳಿದ್ದು ಒಬ್ಬಳಿಗೆ, ಒಂದೇ ಸಲ. ಮಿರ್ಯೆತಾ ಇಟಲಿಗೆ ಹೊರಡುವ ಹಿಂದಿನ ದಿನ, ಅಡುಗೆಮನೆಯಲ್ಲಿ, ಬಾಗಿಲು ಮುಂದೆ ಮಾಡಿ. "ನಿಮ್ಮಮ್ಮಂಗೂ ಗೊತ್ತಿಲ್ಲ ಕಣೆ. ಅಲ್ಲಿ ಯಾರಾದ್ರೂ ನಿನ್ನ ಅವಮಾನ ಮಾಡಿದ್ರೆ, ನಂಗೊಬ್ಳಿಗೇ ಹಿಂಗಾಯ್ತು ಅನ್ಕೋಬೇಡ. ನಂಗೆ ಫೋನ್ ಮಾಡು," ಅಂದಿದ್ದ.

ಮೇಜಿನ ಸುತ್ತ ಕೂತವರಿಗೆ ಅವಳು ಲಾಠಿಯನ್ನೂ ಪ್ಯಾಂಟನ್ನೂ ಕೊಟ್ಟಳು. ಮುದುಕಿಯನ್ನು ಬಿಟ್ಟಳು. ಅಪ್ಪನ ಅಚ್ಚುಕಟ್ಟಾದ ಇಟಾಲಿಯನ್ ತೆಗೆದು, ಪಾದುವಾದವರು ನಗುವಂಥ ಮುರುಕು ಇಟಾಲಿಯನ್ ಅವನ ಬಾಯಿಗೆ ಹಾಕಿದಳು. "ನಾನು ಒಳ್ಳೆ ಅಲ್ಬೇನಿಯಾ! ನಾನು ಬ್ರೆಡ್ ಬೇಕು!" ಓತ್ತಾವಿಯಾ ನಕ್ಕು ನಕ್ಕು ಕುರ್ಚಿಯಿಂದ ಬಿದ್ದಳು. ಎದ್ದವಳೇ ಮಿರ್ಯೆತಾಳನ್ನು ತಬ್ಬಿಕೊಂಡಳು. ಅವತ್ತಿನಿಂದ ಅವಳು 'ಮಿರಿ' ಆದಳು. ಚೀಸಿನ ತಕರಾರು ನಿಂತಿತು. ಐದು ವರ್ಷದಲ್ಲಿ ಆ ಆಟವನ್ನು ಎಷ್ಟು ಸಲ ಆಡಿಸಿದರೋ, ಬಂದ ಹೊಸಬರಿಗೆಲ್ಲ ಅದೊಂದು ತೋರಿಸಬೇಕಿತ್ತು. "ಮಿರಿ, ಅಪ್ಪನ ದನಿ ಮಾಡೇ!" ಅಂದರೆ ಸಾಕು, ಕರವಸ್ತ್ರ ತಲೆಗೇರುತ್ತಿತ್ತು.

ಅಪ್ಪ ಬರುವ ಸುದ್ದಿ ಬಂದಾಗ ಓತ್ತಾವಿಯಾ ಕೇಳಿದ್ದಳು, "ಅವ್ರಿಗೆ ನಮ್ಮ ಭಾಷೆ ತಿಳಿಯುತ್ತೇನೇ?" ಏನು ಹೇಳುವುದು? ಹೌದು ಅಂದರೆ ಐದು ವರ್ಷದ ಮುರುಕು ದನಿ ಸುಳ್ಳಾಗುತ್ತದೆ. "ಒಂದಕ್ಷರ ಬರಲ್ಲ," ಅಂದುಬಿಟ್ಟಳು. "ಒಳ್ಳೇದೇ ಆಯ್ತು ಬಿಡು. ಹಂಗಾದ್ರೆ ಕೈ ಬಿಚ್ಚಿ ಬರೀಬಹುದು," ಅಂದಳು ಓತ್ತಾವಿಯಾ. ಗಂಡಸರ ವಿಷಯ ಬರೆಯುತ್ತಾಳೆ ಅಂತ ಮಿರ್ಯೆತಾ ಅಂದುಕೊಂಡಳು. ಅದಕ್ಕೆ ಅವಳು ತಯಾರಾಗಿದ್ದಳು, ಅಪ್ಪ ಕೇಳದ ಹಾಗೆ ಇರುತ್ತಾನೆ.

ಬೆಳಿಗ್ಗೆ ಬಸ್ಸಿನಿಂದ ಇಳಿದವನ ಟೈ ಸರಿಮಾಡುತ್ತ ಅವಳು ಹೇಳಿದಳು, "ಅಪ್ಪಾ, ಇವತ್ತು ಇಟಾಲಿಯನ್ ಮಾತಾಡ್ಬೇಡ. ನಿಂಗೆ ಬರಲ್ಲ ಅಂದಿದೀನಿ."

"ಯಾಕೆ ಪುಟ್ಟಿ?"

"ನೀನು ಮಾತಾಡೋದು ಹಳೇ ಟೀವಿ ಥರ ಇರುತ್ತೆ. ನಗ್ತಾರೆ."

ಫಾತೋಸ್ ಒಂದು ಕ್ಷಣ ಅವಳ ಮುಖ ನೋಡಿದ. ಇಪ್ಪತ್ತೇಳು ವರ್ಷದ ಮೇಲೆ ಈ ನೆಲದಲ್ಲಿ ಮತ್ತೆ ಕಾಲಿಟ್ಟವನು, ದಾರಿಯುದ್ದಕ್ಕೂ ಪ್ರೊಫೆಸರುಗಳಿಗೆ ಹೇಳಬೇಕಾದ ಎರಡು ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. "ಸರಿ ಬಿಡು. ನಿನ್ನ ದಿನ ಇದು," ಅಂದ. ಬೆಳಿಗ್ಗೆಯಿಂದ ಎಲ್ಲರಿಗೂ ತಲೆಯಾಡಿಸಿ, ಹಲ್ಲು ಕಿರಿದು, ಮೂಗನ ಹಾಗೆ ಓಡಾಡುತ್ತಿದ್ದ.

"ಲೇ, ಇವ್ಳು ಬೇಕಂತ್ಲೇ ತಪ್ಪು ಓದ್ತಿದಾಳೆ ಕಣ್ರೋ!" ಓತ್ತಾವಿಯಾ ಮುಂದೆ ಬಂದಳು. ಅವಳ ಹೆಗಲಲ್ಲಿ ಬಣ್ಣದ ಪೆನ್ನುಗಳ ಚೀಲವಿತ್ತು, ಬೆರಳೆಲ್ಲ ಮಸಿ. "ಬಿಟ್ಟಿ ವೈನಿಗೆ ಬಾಯಿ ಬಿಡ್ತಾಳೆ ನೋಡು. ಜಾಕೊಪೊ, ಇನ್ಮೇಲೆ ತಪ್ಪಿದ್ರೆ ವಿನೆಗರ್ ಕುಡ್ಸು."

"ಓದಮ್ಮಾ ಡಾಕ್ಟರಮ್ಮಾ!" ಯಾರೋ ಕೂಗಿದರು. ಇಟಲಿಯಲ್ಲಿ ಪದವಿ ಪಡೆದವರೆಲ್ಲ ಡಾಕ್ಟರರೇ.

ಮೂರನೆಯ ಪದ್ಯ ಓದಿದಳು. ಅದರಲ್ಲಿ ರಸಾಯನಶಾಸ್ತ್ರದ ಸಹಾಯಕ, ಅವನ ಕಾರು, ಕಾರಿನ ಹಿಂದಿನ ಸೀಟು ಎಲ್ಲ ಇದ್ದವು. ಜನ ಶಿಳ್ಳೆ ಹೊಡೆದರು. ಫಾತೋಸ್ ಫೋನನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಕಮಾನುಗಳನ್ನು ತೋರಿಸತೊಡಗಿದ. ಮಗಳ ಮಾನ ಕಾಯುವುದಕ್ಕೆ ಅವನಿಗೆ ತೋಚಿದ್ದು ಅಷ್ಟು. ಪದ್ಯ ಮುಗಿದ ಮೇಲೆ ಮತ್ತೆ ಅವಳ ಕಡೆಗೆ ಹಿಡಿದ.

"ನಾಲ್ಕು! ನಾಲ್ಕು!"

"ಸಾಕು ಓತ್ತಾ," ಮಿರ್ಯೆತಾ ತಗ್ಗಿದ ದನಿಯಲ್ಲಿ ಅಂದಳು. "ಇದೊಂದು ಬಿಟ್ಬಿಡು. ಕಾಲಿಗೆ ಬೀಳ್ತೀನಿ."

"ಅಯ್ಯೋ ಇದೇ ಕಣೇ ಚಿನ್ನದಂಥ ಪದ್ಯ! ಎರಡು ವಾರ ನಿದ್ದೆ ಕೆಟ್ಟಿದೀನಿ. ನಿಮ್ಮಪ್ಪಂಗೆ ಎಲ್ಲಿ ತಿಳಿಯುತ್ತೆ, ಸುಮ್ನೆ ಓದೇ." ಓತ್ತಾವಿಯಾ ತಿರುಗಿ ಫಾತೋಸ್‌ಗೆ ಕೈ ಬೀಸಿದಳು. ಕಿವುಡರಿಗೆ ಹೇಳುವ ಹಾಗೆ ಒಂದೊಂದೇ ಪದ ಬಿಡಿಸಿ ಕೂಗಿದಳು. "ಅಪ್ಪಾಜೀ! ಚೆನ್ನಾಗಿದೆಯಾ? ಚೆನ್ನಾಗಿ?" ಫಾತೋಸ್ ಹೆಬ್ಬೆರಳು ಎತ್ತಿ ತೋರಿಸಿದ. ಎಲ್ಲರೂ ಓಹೋ ಎಂದರು. "ನೀನು ಓದ್ತೀಯೋ, ನಾನು ಓದ್ಲೋ?"

ಓತ್ತಾವಿಯಾ ಓದಿದರೆ ಅಭಿನಯಿಸಿಯೇ ಓದುತ್ತಾಳೆ. ಮಿರ್ಯೆತಾ ಹಾಳೆಯ ಕಡೆ ತಿರುಗಿದಳು. ಒಂದೇ ಉಸಿರಿಗೆ, ದನಿಯೇರಿಸದೆ ಓದಿದಳು.

"ಹಡಗು ಹತ್ತಿ ಬಂದನಪ್ಪ ಸ್ವರ್ಗ ಸಿಕ್ಕಿತೆಂದು,
ಬಾರಿಯಲ್ಲಿ ಕೂಡಿಹಾಕಿ ಬ್ರೆಡ್ಡು ಎಸೆದರಂದು;
ಲಾಠಿಯೊಬ್ಬ ಎತ್ತಿ ನಿಂತ, ಅಪ್ಪ ನಡುಗಿ ಹೋದ,
ಬಿಸಿಲ ಧಗೆಗೆ ತಂಪಿಗೆಂದು ಚಡ್ಡಿಲುಚ್ಚೆ ಹೊಯ್ದ."

ನಗೆ ಕಮಾನುಗಳಿಗೆ ಬಡಿದು ವಾಪಸು ಬಂತು. ಅವಳು ಅಪ್ಪನ ಕಡೆ ನೋಡಿದಳು. ಅವನು ಇನ್ನೂ ನಗುತ್ತಲೇ ಇದ್ದ. ಹೆಬ್ಬೆರಳು ಮಾತ್ರ ಫೋನಿನ ಕೆಂಪು ಗುಂಡಿಯನ್ನು ಒತ್ತಿ, ಒತ್ತಿದಲ್ಲೇ ಉಳಿದಿತ್ತು. ಅಮ್ಮ ಪರದೆಯಿಂದ ಹೋಗಿದ್ದಳು. ಎಷ್ಟು ಸಾಲು ಕೇಳಿದ್ದಳೋ ಗೊತ್ತಿಲ್ಲ, ಟೀವಿ ಇಟಾಲಿಯನ್ ಅವಳಿಗೂ ಬರುತ್ತಿತ್ತು.

"ಏಯ್, ಇದೇನು ಸಾವಿನ ಮನೇಲಿ ಓದೋ ಥರ!" ಜಾಕೊಪೊ ಬಾಟಲಿಯಿಂದ ಚಿತ್ರವನ್ನು ತಟ್ಟಿದ. ಹುಡುಗನ ಬಾಯಿಂದ ಹೊರಟ ಗುಳ್ಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಮಾತು ಬರೆದಿತ್ತು. "ಇದನ್ನ ದನಿ ಮಾಡಿ ಓದ್ಬೇಕು. ದನಿ!"

"ದನಿ! ದನಿ! ಅಪ್ಪನ ದನಿ!" ಅವಳ ಜೊತೆ ಮನೆಯಲ್ಲಿದ್ದ ಗೆಳೆಯರು ಶುರುಮಾಡಿದರು. ಗೊತ್ತಿಲ್ಲದವರೂ ಸೇರಿಕೊಂಡರು. ಬಾರಿನ ಮುಂದೆ ಕುಡಿಯುತ್ತ ಕೂತಿದ್ದವರು ಮೇಜು ಕುಟ್ಟಿದರು. ಯಾರೋ ಅವಳ ತಲೆಗೆ ಕರವಸ್ತ್ರ ಎಸೆದರು, ಅದು ಕಿರೀಟದ ಮೇಲೆ ಸಿಕ್ಕಿಕೊಂಡಿತು.

ಆಗಲಾದರೂ ಅವಳು ಹಾಳೆ ಹರಿದು ಬಿಸಾಡಬಹುದಿತ್ತು. ಯಾರೂ ಕೊಲ್ಲುತ್ತಿರಲಿಲ್ಲ. ಹೆಚ್ಚೆಂದರೆ ಮುಖ ಸಿಂಡರಿಸಿ, ಮಜಾ ಗೊತ್ತಿಲ್ಲದವಳು ಅಂದು ಮನೆಗೆ ಹೋಗುತ್ತಿದ್ದರು. ಐದು ವರ್ಷದ ಹಿಂದಿನ ಆ ಫ್ರಿಜ್ಜು, ಆ ನೋಟ ಅವಳ ಕಣ್ಣ ಮುಂದೆ ಬಂತು. ಎದುರಿಗೆ ಅಪ್ಪ ಫೋನನ್ನು ಜೇಬಿಗಿಟ್ಟು, ಎರಡೂ ಕೈ ಎತ್ತಿ, ಜನರ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟುತ್ತಿದ್ದ. ಅವಳನ್ನೇ ನೋಡುತ್ತಿದ್ದ. ಬೇಡ ಅನ್ನುತ್ತಾಳೋ ಅಂತ ಕಾಯುತ್ತಿದ್ದನೋ ಏನೋ.

ಅವಳು ಕರವಸ್ತ್ರ ಕಟ್ಟಿಕೊಂಡಳು. ಮಂಡಿ ಬಾಗಿಸಿದಳು. ದನಿ ತಾನಾಗಿಯೇ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ, ಅಷ್ಟು ಚೆನ್ನಾಗಿ ಹಿಂದೆ ಒಮ್ಮೆಯೂ ಬಂದಿರಲಿಲ್ಲ.

"ಸಾರ್ ಸಾರ್, ನಾನು ಒಳ್ಳೆ ಅಲ್ಬೇನಿಯಾ! ನಾನು ಬ್ರೆಡ್ ಬೇಕು! ನಾನು ಹೊಡೀ ಇಲ್ಲ! ಅಯ್ಯೋ ಸಾರ್... ನಾನು ಪ್ಯಾಂಟು ನೀರು ಬಂತು!"

ಬೀದಿಗೆ ಬೀದಿಯೇ ಉರುಳಿಬಿತ್ತು. ಓತ್ತಾವಿಯಾ ಕಣ್ಣೊರೆಸಿಕೊಂಡಳು. ಪದವಿ ಪಡೆದವರಿಗೆ ಹಾಡುವ ಪೋಲಿ ಹಾಡನ್ನು ಎಲ್ಲರೂ ಒಟ್ಟಿಗೆ ಎತ್ತಿಕೊಂಡರು. ಸಾಲುಗಟ್ಟಿ ಬಂದು ಡಾಕ್ಟರಮ್ಮನ ಕುಂಡೆಗೆ ಒಂದೊಂದು ಒದೆ ಕೊಟ್ಟರು. ಅದೂ ಪದ್ಧತಿಯೇ. ಮಿರ್ಯೆತಾ ಕಂಬ ಹಿಡಿದು ನಿಂತು ಒದೆಸಿಕೊಂಡಳು. ಪ್ರತಿ ಒದೆಗೂ ನಕ್ಕಳು.

ಸಾಲು ಮುಗಿದ ಮೇಲೆ ಫಾತೋಸ್ ಮುಂದೆ ಬಂದ. ಅವನೂ ಒದೆಯುತ್ತಾನೆಂದು ಜನ ಹುರುಪಿನಿಂದ ದಾರಿ ಬಿಟ್ಟರು. ಅವನು ಮಗಳನ್ನು ದಾಟಿ ಹಾಳೆಯ ಹತ್ತಿರ ಹೋದ. ಕೋಟಿನ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಮೇಲಿನಿಂದ ಕೆಳಗಿನ ತನಕ ನಿಧಾನವಾಗಿ ಓದಿದ. ತುಟಿ ಅಲ್ಲಾಡುತ್ತಿತ್ತು. ಪ್ರಾಸ ಇರುವಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದ.

"ನೋಡ್ರೋ, ಓದ್ತಿದಾನೆ!" ಜಾಕೊಪೊ ಪಿಸುಗುಟ್ಟಿದ. "ಮಿರಿ, ಅದು ಅವನೇ ಅಂತ ಹೇಳೇ. ತೋರ್ಸೇ."

ಫಾತೋಸ್ ತಿರುಗಿದ. ಓತ್ತಾವಿಯಾಳ ಕಡೆ ಸ್ವಲ್ಪ ಬಾಗಿ ವಂದಿಸಿದ. ಮಾತಾಡಿದಾಗ ಆ ಬೀದಿಯಲ್ಲಿ ಯಾರೂ ಆಡದಂಥ ಇಟಾಲಿಯನ್ ಕೇಳಿಸಿತು. ಬಾರಿನ ಮುಂದೆ ಕೂತಿದ್ದ ಒಬ್ಬ ಮುದುಕ, ರೇಡಿಯೋ ಹಚ್ಚಿದರೇನೋ ಎಂಬಂತೆ ಕತ್ತು ಎತ್ತಿ ನೋಡಿದ.

"ಮಾನ್ಯ ಕುಮಾರಿಯವರೇ, ನಿಮ್ಮ ಚಿತ್ರಕಲೆ ಬಹಳ ಸೊಗಸಾಗಿದೆ. ತಾವು ಅನುಮತಿ ಕೊಟ್ಟರೆ ಒಂದೆರಡು ಸಣ್ಣ ತಿದ್ದುಪಡಿ ಸೂಚಿಸಬಯಸುತ್ತೇನೆ."

ಫಾತೋಸ್ ಗುಳ್ಳೆಯೊಳಗಿನ ಮಾತಿನ ಮೇಲೆ ಬೆರಳಿಟ್ಟ.

"ಬ್ರೆಡ್ಡಿಗಾಗಿ ನಾನು ಬೇಡಲಿಲ್ಲ. ನಾನು ಆ ಅಧಿಕಾರಿಗೆ ಹೇಳಿದ ಮಾತು ಹೀಗಿತ್ತು: 'ತೊಂದರೆಗೆ ಕ್ಷಮೆಯಿರಲಿ. ಈ ತಾಯಿ ಎರಡು ದಿನಗಳಿಂದ ನೀರು ಕುಡಿದಿಲ್ಲ.' ಗುಳ್ಳೆಯಲ್ಲಿ ಇಷ್ಟಕ್ಕೆ ಜಾಗ ಸಾಲದಿದ್ದರೆ ಪರವಾಗಿಲ್ಲ, ಬಿಡಿ. ಆದರೆ ನನ್ನ ಪ್ಯಾಂಟು ನೀಲಿಯಾಗಿರಲಿಲ್ಲ, ಕಂದು ಬಣ್ಣದ್ದಾಗಿತ್ತು. ತಮ್ಮ ಚೀಲದಲ್ಲಿ ಕಂದು ಪೆನ್ನು ಇರಬಹುದೆ?"

ಓತ್ತಾವಿಯಾ ಚೀಲಕ್ಕೆ ಕೈ ಹಾಕಿದಳು. ನಾಲ್ಕೈದು ಪೆನ್ನುಗಳು ಕೆಳಗೆ ಉದುರಿದವು. ಕಂದು ಬಣ್ಣದ್ದನ್ನು ಹೆಕ್ಕಿ ಕೊಟ್ಟಳು. "ಸಾರ್... ನಮಗೆ ಗೊತ್ತಿರ್ಲಿಲ್ಲ. ಇವಳೇ..." ಅಂದು ಮಿರ್ಯೆತಾಳ ಕಡೆ ನೋಡಿದಳು. ಅದು ಆ ಮೊದಲ ವರ್ಷದ ನೋಟವೇ.

"ಧನ್ಯವಾದಗಳು," ಅಂದ ಫಾತೋಸ್. ಹೊಸ ಪ್ಯಾಂಟಿನ ಮಂಡಿಯನ್ನು ಸ್ವಲ್ಪ ಮೇಲಕ್ಕೆಳೆದುಕೊಂಡು, ವೈನು ಚೆಲ್ಲಿದ್ದ ಕಲ್ಲಿನ ಮೇಲೆ ಮೊಣಕಾಲೂರಿದ. ಪೆನ್ನಿನ ಮುಚ್ಚಳ ತೆಗೆದ.

ಜನ ಚದುರತೊಡಗಿದರು. ಮೂಲೆಯಲ್ಲಿ ಇನ್ನೊಬ್ಬರ ಪಾಪಿರೊ ಶುರುವಾಗಿತ್ತು. ಕುಡಿ ಕುಡಿ ಎಂಬ ಕೂಗು ಅಲ್ಲಿಂದ ಬರುತ್ತಿತ್ತು. ಮಿರ್ಯೆತಾ ಅಪ್ಪನ ಪಕ್ಕದಲ್ಲಿ ಕುಕ್ಕರಿಸಿದಳು. ದೊಗಲೆ ಲೈಫ್ ಜಾಕೆಟ್ಟು ಗಲ್ಲಕ್ಕೆ ಒತ್ತುತ್ತಿತ್ತು.

"ಅಪ್ಪಾ. ಹರಿದು ಹಾಕೋಣ. ಬಾ ಅಪ್ಪಾ, ಎದ್ದೇಳು."

"ಯಾಕೆ ಹರೀಬೇಕು?" ಈಗ ಅವನು ತಮ್ಮ ಅಲ್ಬೇನಿಯನ್ ಭಾಷೆಯಲ್ಲೇ ಮಾತಾಡಿದ, ದನಿಯಲ್ಲಿ ಸಿಟ್ಟಿರಲಿಲ್ಲ. "ಇದು ಪದವಿ ಪಡೆದೋರ ಮನೇಗೆ ಹೋಗ್ಬೇಕಂತೆ, ಬಸ್ಸಲ್ಲಿ ಪಕ್ಕದವನು ಹೇಳಿದ. ನಡುಮನೇಲಿ ಹಾಕ್ತೀನಿ."

"ಅಮ್ಮ ಓದ್ತಾಳೆ."

"ಓದ್ಲಿ. ಬೀದೀಲಿ ಓದಿದ್ದನ್ನ ಮನೇಲಿ ಮುಚ್ಚಿಡೋದೇನು?"

ಅವಳು ಅವನ ತೋಳು ಹಿಡಿದಳು. ಅವನು ತೋಳು ಕೊಡವಲಿಲ್ಲ. ಬಣ್ಣ ಗೆರೆ ದಾಟದ ಹಾಗೆ ಕೈಯನ್ನು ಮಾತ್ರ ಜಾಗ್ರತೆಯಾಗಿ ಬಿಡಿಸಿಕೊಂಡ. ನೀಲಿಯ ಮೇಲೆ ಕಂದು ಸರಿಯಾಗಿ ಕೂರುತ್ತಿರಲಿಲ್ಲ. ಒಂದೇ ಕಡೆ ಎರಡೆರಡು ಸಲ ತಿಕ್ಕುತ್ತಿದ್ದ.

ಕೋಟಿನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ನಿಂತು, ಮತ್ತೆ ಹೊಡೆದುಕೊಂಡಿತು.

"ನಿಮ್ಮಮ್ಮ," ಅವನು ತಲೆಯೆತ್ತದೆ ಅಂದ. "ನನ್ನ ಕೈಯೆಲ್ಲ ಬಣ್ಣ. ನೀನೇ ತೆಗೆದು ಮಾತಾಡು. ಏನಾಯ್ತು ಅಂತ ಕೇಳ್ತಾಳೆ, ಹೇಳು. ನಿಂಗೆ ಹೇಳೋಕೆ ಚೆನ್ನಾಗಿ ಬರುತ್ತೆ."

ಅವಳು ಅಪ್ಪನ ಜೇಬಿಗೆ ಕೈ ಹಾಕಿ ಫೋನು ತೆಗೆದಳು. ಪರದೆಯ ತುಂಬ ಅಮ್ಮನ ಮುಖ. ಮಗಳ ಪದವಿಗೆಂದು ಹಾಸಿಗೆಯಲ್ಲೇ ಕೂತು ಕಿವಿಯೋಲೆ ಹಾಕಿಕೊಂಡಿದ್ದಳು.

"ಕಟ್ಟಾಗಿಬಿಡ್ತಲ್ಲೇ ಹಾಳಾದ್ದು! ಎಲ್ರೂ ಅಷ್ಟೊಂದು ನಗ್ತಿದ್ರಲ್ಲ, ಏನದು? ಅಪ್ಪನ ಬಗ್ಗೆ ಏನೋ ಅಂದೆ ನೀನು, ಹಡಗು ಅಂತ. ಅದೇನು ನಂಗೂ ಹೇಳೇ, ನಾನೂ ನಗ್ತೀನಿ."

ಪಕ್ಕದಲ್ಲಿ ಪೆನ್ನು ಕಿರ್ ಕಿರ್ ಅನ್ನುತ್ತಿತ್ತು. ಫಾತೋಸ್ ಒಂದು ಕಾಲು ಮುಗಿಸಿ, ಎರಡನೆಯದಕ್ಕೆ ಬಣ್ಣ ತುಂಬತೊಡಗಿದ್ದ.